ಕೋಣನ ಬಲಿ ನಿಲ್ಲಿಸಿದ್ರೆ ಮಾರಿಯಮ್ಮ ಮುನಿಸಿಕೊಳ್ತಾಳಾ? ಶಿರಸಿ ಜಾತ್ರೆ ಕೊಡುವ ಉತ್ತರ ಇಲ್ಲಿದೆ

ಮಾರಿ ಜಾತ್ರೆ ಹತ್ತಿರ ಬಂತು ಅಂದ್ರೆ ಊರಲ್ಲಿ ಸಭೆ ಶುರು. ಚಂದಾ ಎಷ್ಟು, ಚಪ್ಪರ ಯಾರದ್ದು, ನಾಟಕ ಯಾವುದು, ಅಂಗಡಿ ಜಾಗದ ಹರಾಜು ಯಾವಾಗ, ಇವೆಲ್ಲ ಒಂದೇ ಸಂಜೆಯಲ್ಲಿ ತೀರ್ಮಾನ ಆಗುತ್ತೆ. ತೀರ್ಮಾನ ಆಗದೇ ಉಳಿಯೋದು ಒಂದೇ ವಿಷಯ, ಅದು ಬಲಿ. ಹಿರಿಯರು "ಹಿಂದಿನಿಂದ ನಡೆದು ಬಂದದ್ದು, ತಪ್ಪಿಸಿದ್ರೆ ಊರಿಗೆ ಒಳ್ಳೇದಾಗಲ್ಲ" ಅಂತಾರೆ. ಹುಡುಗರು "ಪೊಲೀಸ್ ಕೇಸಾದ್ರೆ ಯಾರು ಓಡಾಡೋದು" ಅಂತ ಕೇಳ್ತಾರೆ. ಕೊನೆಗೆ ಯಾರೂ ಗಟ್ಟಿಯಾಗಿ ಏನೂ ಹೇಳದೆ ಎದ್ದು ಹೋಗ್ತಾರೆ.

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ರಾಜ್ಯದ ಅತಿ ದೊಡ್ಡ ಮಾರಿ ಜಾತ್ರೆಗಳಲ್ಲಿ ಒಂದಾದ ಶಿರಸಿ ಮಾರಿಕಾಂಬಾ ಜಾತ್ರೆ ಈ ಪ್ರಶ್ನೆಯನ್ನು 90 ವರ್ಷಗಳ ಹಿಂದೆಯೇ ಎದುರಿಸಿ, ದಾಟಿ ಬಂದಿದೆ.

ಮಾರಿ ಅಂದ್ರೆ ಯಾರು?

ನಮ್ಮ ಕಡೆ ದೇವರಲ್ಲಿ ಎರಡು ಬಗೆ ಇದೆ. ಶಿವ, ವಿಷ್ಣು, ಗಣಪತಿ ಎಲ್ಲ ಕಡೆಯೂ ಇರುವ ದೇವರು. ಇವರನ್ನು ಕಾಶಿಯಲ್ಲೂ ಪೂಜಿಸ್ತಾರೆ, ಗೋಕರ್ಣದಲ್ಲೂ ಪೂಜಿಸ್ತಾರೆ. ಮಾರಿ ಹಾಗಲ್ಲ, ಆಕೆ ಊರ ದೇವರು. ಒಂದು ಊರಿನ ಗಡಿ, ಆ ಗಡಿಯೊಳಗಿನ ಜನ, ದನಕರು, ಬೆಳೆ, ಇಷ್ಟು ಆಕೆಯ ಜವಾಬ್ದಾರಿ. ಹಾಗಾಗಿಯೇ ಊರಿಗೊಂದು ಹೆಸರು: ಮಾರಮ್ಮ, ಮಾರಿಕಾಂಬೆ, ದ್ಯಾಮವ್ವ, ದುರ್ಗವ್ವ, ಕರಿಯಮ್ಮ. ಎಷ್ಟೋ ಕಡೆ ಗುಡಿ ಇರೋದು ಊರ ನಡುವೆ ಅಲ್ಲ, ಊರ ಬಾಗಿಲಲ್ಲಿ ಅಥವಾ ಗಡಿಯಲ್ಲಿ. ಹೊರಗಿಂದ ಬರುವ ಕೆಟ್ಟದ್ದನ್ನು ಅಲ್ಲೇ ತಡೆಯಲಿ ಅನ್ನೋದು ನಂಬಿಕೆ.

ಇನ್ನೊಂದು ವ್ಯತ್ಯಾಸ ಇದೆ. ಮನೆ ದೇವರಿಗೆ ಒಂದು ಕುಟುಂಬ ಹರಕೆ ಹೊರುತ್ತೆ. ಮಾರಿಗೆ ಇಡೀ ಊರು ಸೇರಿ ಹರಕೆ ಹೊರಬೇಕು. ಜಾತ್ರೆಯಲ್ಲಿ ಎಲ್ಲ ಜಾತಿಯವರಿಗೂ ಒಂದೊಂದು ಕೆಲಸ ಹಂಚಿರುತ್ತೆ. ಮರದ ಕೆಲಸದವರು ರಥ ನೋಡ್ತಾರೆ, ಮೇದಾರರು ಬಿದಿರಿನ ಕೆಲಸ, ಆಸಾದಿಗಳು ಹಾಡು, ಇನ್ಯಾರೋ ವಾದ್ಯ. ಶಿರಸಿಯಲ್ಲಿ ಹೀಗೆ ವಂಶಪಾರಂಪರ್ಯವಾಗಿ ಸೇವೆ ಮಾಡುವವರನ್ನು ಬಾಬುದಾರರು ಅಂತ ಕರೀತಾರೆ. ಒಬ್ಬರು ಬರದೇ ಇದ್ರೂ ಜಾತ್ರೆ ಪೂರ್ತಿ ಆಗಲ್ಲ.

ರೋಗಕ್ಕೂ 'ಅಮ್ಮ' ಅನ್ನೋ ಹೆಸರು

ಮಾರಿ ಅನ್ನೋ ಮಾತಿಗೆ ಸಾಂಕ್ರಾಮಿಕ ರೋಗ, ಸಾವು ಅನ್ನೋ ಅರ್ಥವೂ ಇದೆ. ಮಹಾಮಾರಿ ಅಂತ ಈಗಲೂ ಪೇಪರಲ್ಲಿ ಬರೀತಾರೆ. ಸಿಡುಬು ಎದ್ದರೆ ಹಿಂದಿನವರು ಅದನ್ನು ರೋಗ ಅಂತಿರಲಿಲ್ಲ, "ಅಮ್ಮ ಬಂದಿದ್ದಾಳೆ" ಅಂತಿದ್ರು. ದೇವಿ ಮೈಮೇಲೆ ಬಂದಿದ್ದಾಳೆ, ಆಕೆ ಬಿಸಿ, ಆಕೆಯನ್ನು ತಂಪು ಮಾಡಿ ಕಳಿಸಬೇಕು ಅನ್ನೋದು ಲೆಕ್ಕ. ಬೇವಿನ ಸೊಪ್ಪು, ಅರಿಶಿನ, ಮೊಸರನ್ನ, ಅಂಬಲಿ, ತಂಬಿಟ್ಟು ಎಲ್ಲ ಬಂದಿದ್ದು ಆ ಲೆಕ್ಕದಲ್ಲಿ. ಆ ಮನೆಗೆ ಬೇರೆಯವರು ಹೋಗಬಾರದು, ಒಗ್ಗರಣೆ ಹಾಕಬಾರದು ಅನ್ನೋ ಕಟ್ಟಳೆಗಳೂ ಇದ್ದವು. ಬೇರೆಯವರು ಹೋಗಬಾರದು ಅನ್ನೋ ಕಟ್ಟಳೆಯಿಂದ ರೋಗ ಹರಡೋದು ಸ್ವಲ್ಪವಾದರೂ ಕಡಿಮೆ ಆಗಿರಬೇಕು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಎರಡು ವರ್ಷದೊಳಗೆ ಹುಬ್ಬಳ್ಳಿ, ಬೆಂಗಳೂರಿಗೂ ಹಬ್ಬಿತು. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಹುಟ್ಟಿದವು. ಕೊರೊನಾ ಕಾಲದಲ್ಲಿ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕೊರೊನಾ ಮಾರಮ್ಮನ ಪೂಜೆ ನಡೆದದ್ದು ಸುದ್ದಿಯಾಗಿತ್ತು. ಹೆಸರು ಹೊಸದಾದ್ರೂ ಹೆದರಿಕೆ ಹಳೆಯದೇ.

ಈ ಹೆದರಿಕೆಯಿಂದಲೇ ಬಲಿಗೂ ಬಲ ಬಂತು. ದೇವಿಗೆ ರಕ್ತ ಬೇಕು, ಕೊಡದೇ ಇದ್ರೆ ಮಕ್ಕಳನ್ನೇ ತಗೊಂಡು ಹೋಗ್ತಾಳೆ ಅಂತ ಊರು ನಂಬಿತ್ತು. ಮನೆಯಲ್ಲಿ ಒಂದು ಮಗು ಜ್ವರದಲ್ಲಿ ಒದ್ದಾಡುವಾಗ ಆ ನಂಬಿಕೆಯನ್ನು ಪ್ರಶ್ನೆ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಶಿರಸಿಯ ದೊಡ್ಡಮ್ಮ

ಶಿರಸಿ ಮಾರಿಕಾಂಬೆಯನ್ನು ಜನ ದೊಡ್ಡಮ್ಮ ಅಂತ ಕರೀತಾರೆ. ಸುತ್ತಲಿನ ಮಾರಿಯರಿಗೆಲ್ಲ ಈಕೆ ಹಿರಿಯಕ್ಕ ಅನ್ನೋ ಭಾವನೆ. ಮೂರ್ತಿ ಕಲ್ಲಿನದಲ್ಲ, ಮರದ್ದು. ಏಳಡಿ ಎತ್ತರ, ಕೆಂಪು ಬಣ್ಣ, ಹಲವು ಕೈಗಳು. ಹಾನಗಲ್ ಕಡೆಯಿಂದ ಕಳ್ಳರು ಪೆಟ್ಟಿಗೆಯಲ್ಲಿ ತಂದು ಒಡವೆ ಹಂಚಿಕೊಂಡು, ಮೂರ್ತಿಯನ್ನು ಶಿರಸಿಯ ಕೆರೆಗೆ ಎಸೆದು ಹೋದರು, ಆಮೇಲೆ ಅದು ಊರವರಿಗೆ ಸಿಕ್ಕಿತು ಅನ್ನೋದು ಸ್ಥಳೀಯರ ಕಥೆ. ಆ ಕೆರೆಗೆ ಈಗಲೂ ದೇವಿಕೆರೆ ಅಂತಲೇ ಹೆಸರು. 1688ರಲ್ಲಿ ದೇವಿಯ ಪ್ರತಿಷ್ಠೆ ಆಯಿತು ಅಂತ ಹೇಳಲಾಗುತ್ತೆ. ಆಗ ಈ ಭಾಗ ಸೋದೆ ಅರಸರ ಆಳ್ವಿಕೆಯಲ್ಲಿತ್ತು.

ಜಾತ್ರೆ ಎರಡು ವರ್ಷಕ್ಕೊಮ್ಮೆ. ಪಕ್ಕದ ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ. ಶಿರಸಿಯಲ್ಲಿ ಮಂಗಳವಾರ ರಾತ್ರಿ ದೇವಿಯ ಕಲ್ಯಾಣ, ಬುಧವಾರ ರಥದಲ್ಲಿ ಬಿಡಕಿ ಬಯಲಿಗೆ ಮೆರವಣಿಗೆ. 2024ರ ಮಾರ್ಚ್ 19ರಂದು ಶುರುವಾದ ಜಾತ್ರೆಯೂ ಮಂಗಳವಾರವೇ ಶುರುವಾಗಿತ್ತು. ಬಿಡಕಿ ಬಯಲಿನ ಗದ್ದುಗೆಯಲ್ಲಿ ದೇವಿ ಕೂತ ಮೇಲೆ ಉಡಿ ತುಂಬೋದು, ಹಣ್ಣುಕಾಯಿ, ತುಲಾಭಾರ ನಡೆಯುತ್ತೆ. ಸುತ್ತ ಬಳೆ ಅಂಗಡಿ, ಮಂಡಕ್ಕಿ ಮಿರ್ಚಿ, ತೊಟ್ಟಿಲು, ನಾಟಕದ ಟೆಂಟು. ಎಷ್ಟೋ ಸಣ್ಣ ವ್ಯಾಪಾರಿಗಳು ಎರಡು ವರ್ಷದಿಂದ ಕಾಯುವ ದಿನಗಳಿವು.

ಜಾತ್ರೆಗೂ ಮೊದಲು ಹೊರಬೀಡು ಅಂತ ಕಟ್ಟಳೆ ಇದೆ. ಕೊನೆಯ ದಿನ ದೇವಿ ಗದ್ದುಗೆ ಬಿಟ್ಟು ಹೊರಟ ಮೇಲೆ ಮಾತಂಗಿ ಚಪ್ಪರಕ್ಕೆ ಬೆಂಕಿ ಹಾಕ್ತಾರೆ. ಆಮೇಲೆ ಯುಗಾದಿಯಂದು ದೇವಿಯ ಮರುಪ್ರತಿಷ್ಠೆ. ಅಲ್ಲಿಗೆ ಆ ಸಲದ ಜಾತ್ರೆ ಪೂರ್ತಿ ಮುಗಿದಂತೆ.

ಕೋಣ ಯಾಕೆ ಬಂತು?

ಕೋಣನ ಬಗ್ಗೆ ಎರಡು ಕಥೆ ಇದೆ. ಒಂದು ಪುರಾಣದ್ದು. ಮಹಿಷಾಸುರ ಕೋಣನ ರೂಪದ ರಾಕ್ಷಸ, ದೇವಿ ಅವನನ್ನು ಕೊಂದಳು. ಮೈಸೂರಿನ ಚಾಮುಂಡಿಯ ಕಥೆಯೂ ಇದೇ.

ಇನ್ನೊಂದು ಕಥೆ ಊರೂರಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಬ್ರಾಹ್ಮಣರ ಹುಡುಗಿಯೊಬ್ಬಳನ್ನು ಒಬ್ಬ ದಲಿತ ಹುಡುಗ ಜಾತಿ ಮುಚ್ಚಿಟ್ಟು ಮದುವೆ ಆದನಂತೆ. ಮಕ್ಕಳಾದ ಮೇಲೆ ಆಕೆಗೆ ವಿಷಯ ಗೊತ್ತಾಯ್ತು. ಸಿಟ್ಟಿನಿಂದ ಮನೆಗೆ ಬೆಂಕಿ ಇಟ್ಟು, ಕತ್ತಿ ಹಿಡಿದು ಹೊರಟಳು. ಗಂಡ ಕೋಣನ ಮೈಯೊಳಗೆ ಅಡಗಿದ. ಮಕ್ಕಳು ಕುರಿ, ಕೋಳಿಯೊಳಗೆ ಅಡಗಿದರು. ಆಕೆ ಅಷ್ಟನ್ನೂ ಕಡಿದಳು. ಆಕೆಯೇ ಮಾರಿ. ಚಪ್ಪರಕ್ಕೆ ಬೆಂಕಿ ಹಾಕೋದು ಆ ಮನೆ ಸುಟ್ಟಿದ್ದರ ನೆನಪು ಅಂತ ಹೇಳುವವರಿದ್ದಾರೆ.

ಈ ಕಥೆಯನ್ನು ಜಾತ್ರೆಯ ಮೈಕಿನಲ್ಲಿ ಸಲೀಸಾಗಿ ಹೇಳಿಬಿಡ್ತಾರೆ. ಆದ್ರೆ ಕೇಳಿಸಿಕೊಳ್ಳುವವರಲ್ಲಿ ದಲಿತರ ಕೇರಿಯವರೂ ಇರ್ತಾರೆ. ಪುರಾಣದ ಕಥೆಯಲ್ಲಿ ಸಾಯೋದು ರಾಕ್ಷಸ. ಈ ಕಥೆಯಲ್ಲಿ ಸಾಯೋದು ಜಾತಿ ಮೀರಿ ಮದುವೆಯಾದ ಒಬ್ಬ ಮನುಷ್ಯ, ಅವನ ಜೊತೆಗೆ ಅವನ ಮಕ್ಕಳು. ಸಾಲದ್ದಕ್ಕೆ ಎಷ್ಟೋ ಊರಲ್ಲಿ ಹಲಗೆ ಬಾರಿಸೋದು, ಕಡಿದ ಕೋಣನನ್ನು ಎಳೆಯೋದು ಕೂಡ ಅದೇ ಕೇರಿಯವರ ಕೆಲಸ ಆಗಿತ್ತು. ಅಂದ್ರೆ ಬಲಿ ಪ್ರಶ್ನೆ ಬರೀ ಪ್ರಾಣಿಯದ್ದಲ್ಲ. ಊರು ತನ್ನವರನ್ನು ಹೇಗೆ ನೋಡುತ್ತೆ ಅನ್ನೋದೂ ಅದರಲ್ಲಿ ಸೇರಿದೆ.

1934ರಲ್ಲಿ ಆದದ್ದು

ಗಾಂಧೀಜಿ 1933ರ ನವೆಂಬರ್‌ನಲ್ಲಿ ವಾರ್ಧಾದಿಂದ ದೇಶ ಸುತ್ತಲು ಹೊರಟರು. ಅಸ್ಪೃಶ್ಯತೆ ಹೋಗಬೇಕು ಅನ್ನೋದೇ ಆ ಪ್ರವಾಸದ ಉದ್ದೇಶ. 1934ರಲ್ಲಿ ಅವರು ಕರ್ನಾಟಕಕ್ಕೆ ಬಂದಾಗ ಶಿರಸಿಗೂ ಬಂದರು. ಮಾರಿಕಾಂಬೆಗೆ ಕೋಣ ಕಡಿಯುವ ಪದ್ಧತಿ ಇದೆ ಅನ್ನೋ ಕಾರಣಕ್ಕೆ ದೇವಸ್ಥಾನಕ್ಕೆ ಬರಲು ಒಪ್ಪಲಿಲ್ಲ.

ಬೇರೆ ಊರಾಗಿದ್ರೆ ಇದು ಒಂದು ದಿನದ ಸುದ್ದಿಯಾಗಿ ಮುಗಿಯುತ್ತಿತ್ತೋ ಏನೋ. ಈ ಭಾಗದಲ್ಲಿ ಹಾಗಾಗಲಿಲ್ಲ. ಅದಕ್ಕೆ ಎರಡೇ ವರ್ಷ ಮೊದಲು ಸಿದ್ದಾಪುರ, ಅಂಕೋಲಾ ಕಡೆಯ ರೈತರು ಕರನಿರಾಕರಣೆ ಮಾಡಿ ಜಮೀನು ಕಳೆದುಕೊಂಡಿದ್ದರು. ಗಾಂಧಿ ಮಾತಿಗೆ ಇಲ್ಲಿ ಬೆಲೆ ಇತ್ತು. ದೇವಸ್ಥಾನ ನಡೆಸುವವರಲ್ಲೂ ಗಾಂಧಿ ಅನುಯಾಯಿಗಳಿದ್ದರು. ಕೋಣನ ಬಲಿ ನಿಂತಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆಗ ಬಲಿ ನಿಲ್ಲಿಸಿ ಅನ್ನೋ ಕಾನೂನು ಇಲ್ಲಿ ಇರಲಿಲ್ಲ. ರಾಜ್ಯದ ಕಾನೂನು ಬಂದದ್ದು ಅದಾಗಿ 25 ವರ್ಷದ ಮೇಲೆ. ಅಂದ್ರೆ ಶಿರಸಿಯಲ್ಲಿ ಬಲಿ ನಿಂತದ್ದು ಪೊಲೀಸರಿಂದ ಅಲ್ಲ, ನಡೆಸುವವರು ತಾವಾಗಿ ತೀರ್ಮಾನ ಮಾಡಿದ್ದರಿಂದ.

ಹಾಗಾದ್ರೆ ದೇವಿ ಮುನಿಸಿಕೊಂಡಳಾ?

ಬಲಿ ನಿಂತು 90 ವರ್ಷ ದಾಟಿದೆ. ಜಾತ್ರೆ ಸಣ್ಣದಾಗಲಿಲ್ಲ, ದೊಡ್ಡದಾಯ್ತು. ಮೊದಲು ಗಾಡಿ ಕಟ್ಟಿಕೊಂಡು ಬರುತ್ತಿದ್ದವರು ಈಗ ಬಸ್ಸು, ಕಾರಿನಲ್ಲಿ ಬರ್ತಾರೆ. ಹುಬ್ಬಳ್ಳಿ, ಹಾವೇರಿ, ಶಿವಮೊಗ್ಗ ಕಡೆಯಿಂದಲೂ ಜನ ಬರ್ತಾರೆ. ದೊಡ್ಡಮ್ಮ ಅನ್ನೋ ಹೆಸರು ಹಾಗೇ ಉಳಿದಿದೆ.

ರೋಗದ ಲೆಕ್ಕವನ್ನೂ ನೋಡಬಹುದು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಪ್ರಪಂಚದಿಂದಲೇ ಸಿಡುಬು ಹೋಯಿತು ಅಂತ ಘೋಷಿಸಿತು. ಬಲಿ ನಿಂತ ಶಿರಸಿಯಲ್ಲೂ ಹೋಯಿತು, ಬಲಿ ನಡೆಯುತ್ತಿದ್ದ ಊರುಗಳಲ್ಲೂ ಹೋಯಿತು. ಕಾರಣ ಲಸಿಕೆ. ಮನೆ ಮನೆ ಹುಡುಕಿ ಲಸಿಕೆ ಹಾಕಿದ್ದರಿಂದ ಹೋಯಿತು. ಬಲಿ ಕೊಟ್ಟದ್ದಕ್ಕೆ ಹೋದದ್ದಾಗಿದ್ರೆ ಶಿರಸಿಯಲ್ಲಿ ಉಳಿಯಬೇಕಿತ್ತು.

ಈಗ ಮಕ್ಕಳಿಗೆ ಬರುವ 'ಅಮ್ಮ' ಸಿಡುಬಲ್ಲ, ಹೆಚ್ಚಾಗಿ ಚಿಕನ್ ಪಾಕ್ಸ್ ಅಥವಾ ದಡಾರ. ಬೇವಿನ ಸೊಪ್ಪು ಹಾಸಿ, ತಂಪಿನ ಊಟ ಕೊಟ್ಟು ಮಲಗಿಸಿದ್ರೆ ಯಾರದ್ದೂ ತಕರಾರಿಲ್ಲ. ಆದ್ರೆ ಅಮ್ಮ ಬಂದಿದ್ದಾಳೆ ಅಂತ ಡಾಕ್ಟರ್ ಹತ್ರ ಹೋಗದೇ ಇರೋದು ತಪ್ಪು. ಮೆಡಿಕಲ್ ಶಾಪಿಂದ ಕೇಳದೆ ಜ್ವರದ ಮಾತ್ರೆ ತಂದು ಹಾಕೋದೂ ತಪ್ಪು. ಚಿಕನ್ ಪಾಕ್ಸ್ ಇರುವ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ದಡಾರಕ್ಕೆ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತ ಲಸಿಕೆ ಇದೆ.

ಬಲಿ ಹೋಯ್ತು, ಶಾಸ್ತ್ರ ಉಳಿಯಿತು

ಶಿರಸಿಯಲ್ಲಿ ಪಟ್ಟದ ಕೋಣ ಈಗಲೂ ಇದೆ. ಅದನ್ನು ಸಾಕ್ತಾರೆ, ಜಾತ್ರೆಯ ವಿಧಿಗಳಲ್ಲಿ ಅದಕ್ಕೆ ಜಾಗ ಇದೆ, ಆದ್ರೆ ಕಡಿಯಲ್ಲ. ಬಲಿಯ ಜಾಗದಲ್ಲಿ ಬಂದದ್ದು ಸಾತ್ವಿಕ ಬಲಿ.

ಇದು ಯಾರಿಗೂ ಹೊಸದಲ್ಲ. ಪೇಟೆಯ ಯಾವ ಅಂಗಡಿಗೆ ಹೋದ್ರೂ ಬಾಗಿಲ ಮೇಲೆ ಒಂದು ಬೂದುಗುಂಬಳ ನೇತಾಡ್ತಿರುತ್ತೆ. ಅಮಾವಾಸ್ಯೆಗೆ ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಹೊಸ್ತಿಲ ಎರಡೂ ಬದಿ ಇಡ್ತಾರೆ. ಆಯುಧ ಪೂಜೆಗೆ ಕುಂಬಳಕಾಯಿಗೆ ತೂತು ಮಾಡಿ, ಕುಂಕುಮ ತುಂಬಿ, ಗಾಡಿ ಮುಂದೆ ಒಡೀತಾರೆ. ಇವೆಲ್ಲ ಬಲಿಯೇ. ಕುಂಬಳಕಾಯಿ ಪ್ರಾಣಿಯ ಬದಲು, ಕುಂಕುಮ ರಕ್ತದ ಬದಲು. ಯಾವ ಅಂಗಡಿಯವರೂ ಲಕ್ಷ್ಮಿ ಪೂಜೆಗೆ ಕೋಣ ಕಡಿಯಲ್ಲ. ಆದ್ರೂ ಪೂಜೆ ಸಲ್ಲುತ್ತೆ ಅಂತಲೇ ನಂಬ್ತಾರೆ. ಅಂಗಡಿ ಮುಂದೆ ಸಲ್ಲುವ ಕುಂಬಳಕಾಯಿ ಊರಮ್ಮನ ಮುಂದೆ ಯಾಕೆ ಸಲ್ಲಬಾರದು ಅನ್ನೋದೇ ಜಾತ್ರೆ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ.

(ಒಂದು ಮಾತು: ಕುಂಬಳಕಾಯಿ ಒಡೆದ ಮೇಲೆ ಚೂರುಗಳನ್ನು ರಸ್ತೆಯಲ್ಲೇ ಬಿಟ್ಟರೆ ಬೈಕಿನವರು ಜಾರಿ ಬೀಳ್ತಾರೆ. ಪೂಜೆ ಮುಗಿದ ಕೂಡಲೇ ಬದಿಗೆ ಗುಡಿಸಿ.)

ಕಾನೂನು ಏನು ಹೇಳುತ್ತೆ?

ಜಾತ್ರೆ ಸಮಿತಿಯವರು ಮೂರು ಕಾನೂನು ತಿಳಿದುಕೊಂಡಿರಬೇಕು.

ಮೊದಲನೆಯದು, 1959ರ ಕರ್ನಾಟಕ ಪ್ರಾಣಿ ಬಲಿ ತಡೆ ಕಾಯ್ದೆ. ಸಾರ್ವಜನಿಕ ಪೂಜಾ ಸ್ಥಳ, ಅದರ ಆವರಣ, ಪೂಜೆಗೆ ಸಂಬಂಧಪಟ್ಟ ಮೆರವಣಿಗೆ, ಜನ ಸೇರುವ ಬೀದಿ, ಇಲ್ಲೆಲ್ಲ ದೇವರ ಹೆಸರಲ್ಲಿ ಪ್ರಾಣಿ ಕಡಿಯುವಂತಿಲ್ಲ. ಕಡಿದವರಷ್ಟೇ ಅಲ್ಲ, ಕಡಿಯಲು ಜಾಗ ಕೊಟ್ಟವರು, ಮುಂದೆ ನಿಂತು ನಡೆಸಿದವರ ಮೇಲೂ ಕೇಸ್ ಆಗಬಹುದು. "ಗುಡಿ ಒಳಗೆ ಅಲ್ಲ, ಎದುರಿನ ಬಯಲಲ್ಲಿ ಮಾಡಿದ್ದು" ಅನ್ನೋ ನೆಪ ನಡೆಯಲ್ಲ.

ಎರಡನೆಯದು, 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ. 13 ವರ್ಷದೊಳಗಿನ ಕೋಣ, ಎಮ್ಮೆ ಕಡಿಯೋದು ಅಪರಾಧ. ಶಿಕ್ಷೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ. ಬಲಿಗೆ ಅಂತ ಬಿಟ್ಟ ಎಳೆ ಕೋಣ ಕೂಡ ಇದರಡಿ ಬರುತ್ತೆ.

ಮೂರನೆಯದು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ. 2015ರಲ್ಲಿ ಇದಕ್ಕೆ ಆದ ತಿದ್ದುಪಡಿ ಪ್ರಕಾರ ದಲಿತರಿಂದ ಸತ್ತ ಪ್ರಾಣಿ ಎಳೆಸೋದು, ಹೊರಿಸೋದು ಅಪರಾಧ. "ಅವರ ಬಾಬು, ಅವರೇ ಮಾಡಬೇಕು" ಅಂತ ಒತ್ತಾಯ ಮಾಡುವ ಹಾಗಿಲ್ಲ.

ಹಬ್ಬಕ್ಕೆ ಬಂದ ನೆಂಟರಿಗೆ ಮನೆಯಲ್ಲಿ ಮಾಂಸದಡುಗೆ ಮಾಡೋದನ್ನು ಬಲಿ ತಡೆ ಕಾಯ್ದೆ ಮುಟ್ಟಲ್ಲ. ಮಾರಿ ಹಬ್ಬದ ಬಾಡೂಟ ಎಷ್ಟೋ ಮನೆಗಳ ಸಂಪ್ರದಾಯ. ಬಲಿ ಬೇಡ ಅನ್ನೋದೂ ಮಾಂಸ ತಿನ್ನಬೇಡಿ ಅನ್ನೋದೂ ಒಂದೇ ಅಲ್ಲ. ಇವೆರಡನ್ನೂ ಸೇರಿಸಿ ಮಾತಾಡುವುದರಿಂದಲೇ ಸಭೆಗಳಲ್ಲಿ ಅರ್ಧ ಜಗಳ ಆಗೋದು.

ಬದಲಾದ ಪದ್ಧತಿ ಇದೊಂದೇ ಅಲ್ಲ

ಸೊರಬ ತಾಲ್ಲೂಕಿನ ಚಂದ್ರಗುತ್ತಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರಲ್ಲಿ ಅದನ್ನು ತಡೆಯಲು ಹೋದವರ ಮೇಲೆ, ಪೊಲೀಸರ ಮೇಲೆ ಹಲ್ಲೆ ಆಗಿ ದೇಶವೆಲ್ಲ ಸುದ್ದಿಯಾಯ್ತು. ಆಮೇಲೆ ಸರ್ಕಾರ ನಿಷೇಧ ಹಾಕಿತು. ರೇಣುಕಾಂಬೆಗೆ ಭಕ್ತರು ಈಗಲೂ ಬರ್ತಾರೆ, ಬಟ್ಟೆ ಉಟ್ಟುಕೊಂಡೇ ಹರಕೆ ತೀರಿಸ್ತಾರೆ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡ್ತಿದ್ದರು. 1982ರಲ್ಲಿ ರಾಜ್ಯ ಅದರ ವಿರುದ್ಧ ಕಾಯ್ದೆ ತಂದಿತು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಗುಡ್ಡದಲ್ಲಿ ಜನ ಈಗಲೂ ಕಿಕ್ಕಿರಿದು ಸೇರ್ತಾರೆ.

ಮೂರು ಕಡೆಯೂ ನಿಂತದ್ದು ಒಬ್ಬರಿಗೆ ನೋವು ಕೊಡುತ್ತಿದ್ದ ಪದ್ಧತಿ. ದೇವಿ ನಿಲ್ಲಲಿಲ್ಲ, ಭಕ್ತಿಯೂ ನಿಲ್ಲಲಿಲ್ಲ. ವ್ಯತ್ಯಾಸ ಇಷ್ಟೇ: ಚಂದ್ರಗುತ್ತಿಯಲ್ಲಿ ಗಲಾಟೆ ಆಗಿ, ಸರ್ಕಾರ ಬರಬೇಕಾಯ್ತು. ಶಿರಸಿಯಲ್ಲಿ ಕಾನೂನಿಗೆ ಮೊದಲೇ ಊರವರು ಕೂತು ಮುಗಿಸಿದರು.

ಸಮಿತಿಯವರು ಏನು ಮಾಡಬಹುದು?

ಬಲಿ ವಿಷಯವನ್ನು ಜಾತ್ರೆಯ ಹಿಂದಿನ ರಾತ್ರಿಗೆ ಬಿಡಬಾರದು. ಮೊದಲ ಸಭೆಯಲ್ಲೇ ಇಟ್ಟು, ಎಲ್ಲ ಕೇರಿಯವರನ್ನೂ ಕರೆದು ಮಾತಾಡಬೇಕು. ತೀರ್ಮಾನವನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿದ್ರೆ ಆಮೇಲೆ ಯಾರೂ ತಿರುಗಿ ಬೀಳಲ್ಲ. ಬಲಿಯ ಬದಲು ಏನು ಅನ್ನೋದನ್ನೂ ಅಲ್ಲೇ ನಿಶ್ಚಯ ಮಾಡಬೇಕು. ಜಾಗ ಖಾಲಿ ಬಿಟ್ಟರೆ ಹಳೆಯ ಪದ್ಧತಿ ರಾತ್ರೋರಾತ್ರಿ ವಾಪಸ್ ಬರುತ್ತೆ. ಬಲಿಯ ಕೆಲಸ ಮಾಡುತ್ತಿದ್ದ ಕುಟುಂಬಗಳಿಗೆ ಜಾತ್ರೆಯಲ್ಲಿ ಮರ್ಯಾದೆಯ ಇನ್ನೊಂದು ಪಾತ್ರ ಇರಬೇಕು. ಬಲಿಯ ಜೊತೆ ಅವರನ್ನೂ ಜಾತ್ರೆಯಿಂದ ಹೊರಗಿಟ್ಟರೆ ಅದು ಇನ್ನೊಂದು ಅನ್ಯಾಯ. ಹರಕೆಗೆ ಅಂತ ಬಿಟ್ಟ ಕೋಣ ಇದ್ರೆ ಅದರ ಮೇವು, ಆರೈಕೆಗೆ ಜಾತ್ರೆ ಲೆಕ್ಕದಲ್ಲೇ ಒಂದಿಷ್ಟು ಹಣ ತೆಗೆದಿಡಬಹುದು.

ಇಷ್ಟಾದ ಮೇಲೂ ಹಿರಿಯರೊಬ್ಬರು ಎದ್ದು "ಅಮ್ಮ ಸುಮ್ನಿರ್ತಾಳಾ?" ಅಂತ ಕೇಳಬಹುದು. ಕೇಳೋದರಲ್ಲಿ ತಪ್ಪಿಲ್ಲ, ಅವರ ಕಾಳಜಿ ಊರಿನ ಮೇಲೆಯೇ. ಅವರಿಗೆ ಕೊಡಬೇಕಾದ ಉತ್ತರವೂ ಊರಿನದ್ದೇ ಆಗಿರಲಿ: ದೊಡ್ಡಮ್ಮ 1934ರಿಂದ ಸುಮ್ಮನಿದ್ದಾಳೆ. ತಂಗಿಯರೂ ಅಕ್ಕನ ಮಾತು ಮೀರಲಿಕ್ಕಿಲ್ಲ.